ಕ್ಲಾಸಿನ ಕಥೆ ಮೂಲೆಗೆ ಎಸ್‌ಪಿ ರೋಡ್ ಸಾಮಾನು: ಟ್ಯಾಬ್ ಪಾಸ್, ಸ್ಪ್ಲಿಟರ್ ಸುಮಾರು

ಎರಡನೇ ಕ್ಲಾಸಿನ ಮಕ್ಕಳು ಕಥೆ ಕೇಳಲಿ ಅಂತ ಬೆಂಗಳೂರಿನ ಎಲೆಕ್ಟ್ರಾನಿಕ್ ಸಾಮಾನಿನ ಪೇಟೆ ಎಸ್‌ಪಿ ರೋಡಿನ ಒಂದು ಅಂಗಡಿಯಿಂದ ಹಳೇ ಟ್ಯಾಬ್, ಐದು ಹೆಡ್‌ಫೋನ್, ಒಂದೇ ಟ್ಯಾಬ್‌ಗೆ ಹಲವು ಹೆಡ್‌ಫೋನ್ ಚುಚ್ಚೋಕೆ ಒಂದು ಸ್ಪ್ಲಿಟರ್ ತಂದೆವು. ಟ್ಯಾಬ್ ಚೆನ್ನಾಗಿದೆ. ಸ್ಪ್ಲಿಟರ್ ಮಾತ್ರ ಸುಮಾರು. ಐದೂ ಹೆಡ್‌ಫೋನ್ ಚುಚ್ಚಿದರೆ ದನಿ ಇಳಿದುಹೋಗುತ್ತದೆ, ಪಕ್ಕದ ಕ್ಲಾಸಿನ ಮಗ್ಗಿಯೇ ಜಾಸ್ತಿ ಕೇಳಿಸುತ್ತದೆ. ಜಾಸ್ತಿ ಮಕ್ಕಳಿದ್ದರೆ ಪವರ್ ಇರುವ ಹೆಡ್‌ಫೋನ್ ಆಂಪ್ಲಿಫೈಯರ್ ಕೇಳಿ. ಕಿವಿಗೆ ಬಟ್ಟೆಯ ಪ್ಯಾಡ್ ಬೇಡ, ಒರೆಸೋಕೆ ಬರುವಂಥದ್ದು ಇರಲಿ, ಹೇನಿನ ವಯಸ್ಸು ಅಲ್ವಾ.

ಕಥೆಗೆ ಸುಮ್ನೆ ದುಡ್ಡು ಸುರಿಯಬೇಡಿ. ನಮ್ಮ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಅನ್ನೋ ಮಕ್ಕಳ ಕಥೆಗಳ ವೆಬ್‌ಸೈಟ್ ಪೂರ್ತಿ ಉಚಿತ, ಕನ್ನಡವೂ ಇದೆ. ಅದರಲ್ಲಿ ಕಥೆ ಓದಿ ಹೇಳುವ ರೀಡ್‌ಅಲಾಂಗ್‌ನಲ್ಲಿ ಓದುತ್ತಿರುವ ಪದ ಎದ್ದು ಕಾಣುತ್ತದೆ, ಹಾಗಾಗಿ ಅಕ್ಷರ ಕೂಡಿಸಿ ಓದುವ ಮಕ್ಕಳೂ ಪರದೆ ಮೇಲೆ ಬೆರಳಿಟ್ಟು ಜೊತೆಜೊತೆಗೇ ಹೋಗುತ್ತಾರೆ. ಅಂಗಡಿಯಲ್ಲಿ ಬಿಲ್ ಮಾತ್ರ ಕೇಳಿ ಪಡೆಯಿರಿ.