ಸನ್‌ಸ್ಕ್ರೀನ್ ಕಮ್ಮಿ, ಟ್ರೆಟಿನೋಯಿನ್ ಜಾಸ್ತಿ, ಮಿನಾಕ್ಸಿಡಿಲ್ ಅರ್ಧಕ್ಕೇ: ಮೂರು ಉತ್ಪನ್ನಗಳ ವಿಮರ್ಶೆ

ಬಿಸಿಲಿಗೆ ಕಪ್ಪಾಗುವ ಮುಖ, ಬೇಗ ಬೀಳುವ ಸುಕ್ಕು, ತೆಳ್ಳಗಾಗುವ ನೆತ್ತಿ. ಈ ಮೂರಕ್ಕೂ ಮೆಡಿಕಲ್ ಶಾಪಿನಲ್ಲಿ ಸಿಗುವ ಡಬ್ಬಿಗಳಿಗೆ ಲೆಕ್ಕವಿಲ್ಲ. ಗಟ್ಟಿ ಆಧಾರ ಇರುವಂಥವು ಮಾತ್ರ ಬೆರಳೆಣಿಕೆಯಷ್ಟು. ಇಲ್ಲಿ ನೋಡುತ್ತಿರುವುದು ಮೂರನ್ನು: ಬಿಯೋರೆ ಯುವಿ ಆಕ್ವಾ ರಿಚ್ ಸನ್‌ಸ್ಕ್ರೀನ್, ಟ್ರೆಟಿನೋಯಿನ್ ಇರುವ ರೆಟಿನೋ-ಎ 0.025% ಕ್ರೀಮ್, ಮತ್ತು ಮಿನ್‌ಟಾಪ್, ಟುಗೇನ್ ಹೆಸರಿನಲ್ಲಿ ಬರುವ 5% ಮಿನಾಕ್ಸಿಡಿಲ್ ದ್ರಾವಣ. ಮೂರೂ ಕೆಲಸ ಮಾಡುತ್ತವೆ. ಆದರೂ "ಹಚ್ಚಿದೆ, ಏನೂ ಆಗಲಿಲ್ಲ" ಎನ್ನುವವರೇ ಜಾಸ್ತಿ. ಹೆಚ್ಚಿನ ಸಲ ಎಡವಟ್ಟಾಗಿರುವುದು ಅಳತೆಯಲ್ಲಿ.

ಮೊದಲು ಸನ್‌ಸ್ಕ್ರೀನ್. ಜಪಾನಿನ ಕಾವೋ ಕಂಪನಿಯ ಬಿಯೋರೆ ಯುವಿ ಆಕ್ವಾ ರಿಚ್ ವಾಟರಿ ಎಸೆನ್ಸ್ 50 ಗ್ರಾಂ ಟ್ಯೂಬಿನಲ್ಲಿ ಬರುತ್ತದೆ. ಮೇಲೆ ಎಸ್‌ಪಿಎಫ್ 50+, ಪಿಎ++++ ಎಂದಿರುತ್ತದೆ. ಎಸ್‌ಪಿಎಫ್ ಸಂಖ್ಯೆ ಮುಖ್ಯವಾಗಿ ಚರ್ಮ ಸುಡುವ ಯುವಿಬಿ ಕಿರಣಗಳ ಲೆಕ್ಕ. 30 ಇದ್ದರೆ ಸುಮಾರು 97%, 50 ಇದ್ದರೆ ಸುಮಾರು 98% ತಡೆಯುತ್ತದೆ. ಹಾಗಾಗಿ 50ರಿಂದ 70ಕ್ಕೆ, 100ಕ್ಕೆ ಹೋಗಲು ದುಡ್ಡು ಸುರಿಯುವ ಅಗತ್ಯವಿಲ್ಲ. ನಮ್ಮ ಚರ್ಮಕ್ಕೆ ಹೆಚ್ಚು ಮುಖ್ಯವಾದದ್ದು ಪಿಎ ಗುರುತು. ಅದು ಯುವಿಎ ಕಿರಣಗಳದ್ದು. ಸುಕ್ಕು, ಕಲೆ, ಚರ್ಮ ಜೋಲುವುದು ಇವಕ್ಕೆಲ್ಲ ಯುವಿಎ ದೊಡ್ಡ ಕಾರಣ. ಅದು ಮೋಡವನ್ನೂ ದಾಟುತ್ತದೆ, ಕಿಟಕಿ ಗಾಜನ್ನೂ ದಾಟುತ್ತದೆ. ನಾಲ್ಕು ಪ್ಲಸ್ ಎಂದರೆ ಯುವಿಎ ರಕ್ಷಣೆ 16 ಅಥವಾ ಅದಕ್ಕಿಂತ ಹೆಚ್ಚು, ಮೂರು ಪ್ಲಸ್ ಎಂದರೆ 8ರಿಂದ 16ರೊಳಗೆ.

ಈ ಟ್ಯೂಬಿನ ನಿಜವಾದ ಗುಣ ಗೊತ್ತಾಗುವುದು ಹಿಂಬದಿಯ ಪಟ್ಟಿಯಲ್ಲಿ. ಬಹಳಷ್ಟು ಅಗ್ಗದ ಸನ್‌ಸ್ಕ್ರೀನ್‌ಗಳು ಯುವಿಎಗೆ ಅವೊಬೆಂಜೋನ್, ಯುವಿಬಿಗೆ ಆಕ್ಟಿನಾಕ್ಸೇಟ್ ಹಾಕುತ್ತವೆ. ಬಿಸಿಲು ಬಿದ್ದಾಗ ಈ ಎರಡೂ ಒಂದನ್ನೊಂದು ಹಾಳು ಮಾಡುತ್ತವೆ. ಪಕ್ಕದಲ್ಲಿ ಆಕ್ಟೋಕ್ರೈಲೀನ್‌ನಂಥ ಆಸರೆ ಇಲ್ಲದಿದ್ದರೆ ಬೆಳಗ್ಗೆ ಹಚ್ಚಿದ್ದು ಮಧ್ಯಾಹ್ನಕ್ಕೆ ಹೆಸರಿಗಷ್ಟೇ ಉಳಿದಿರುತ್ತದೆ. ಬಿಯೋರೆಯಲ್ಲೂ ಆಕ್ಟಿನಾಕ್ಸೇಟ್ ಇದೆ, ಪಟ್ಟಿಯಲ್ಲಿ ಇಥೈಲ್‌ಹೆಕ್ಸೈಲ್ ಮೆಥಾಕ್ಸಿಸಿನ್ನಮೇಟ್ ಎಂದಿರುತ್ತದೆ. ಆದರೆ ಅವೊಬೆಂಜೋನ್ ಜಾಗದಲ್ಲಿ ಬಿಸಿಲಿಗೆ ಬೇಗ ಒಡೆಯದ ಡೈಇಥೈಲಮಿನೋ ಹೈಡ್ರಾಕ್ಸಿಬೆಂಜಾಯ್ಲ್ ಹೆಕ್ಸೈಲ್ ಬೆಂಜೋಯೇಟ್ ಇದೆ. ಜೊತೆಗೆ ಯುವಿಎ, ಯುವಿಬಿ ಎರಡನ್ನೂ ಹಿಡಿಯುವ ಟಿನೋಸಾರ್ಬ್ ಎಸ್. ಲೆಕ್ಕಾಚಾರದಿಂದ ಮಾಡಿದ ಜೋಡಣೆ ಇದು. ಹಚ್ಚಿದರೆ ನೀರಿನಂತೆ ಹರಡುತ್ತದೆ, ಬಿಳಿ ಬೂದಿ ಉಳಿಯುವುದಿಲ್ಲ. ಮಂಗಳೂರಿನ ಸೆಕೆಯಲ್ಲೂ ಅಂಟಂಟು ಅನಿಸುವುದಿಲ್ಲ.

ಕುಂದುಗಳೂ ಇವೆ. ಪಟ್ಟಿಯಲ್ಲಿ ನೀರಿನ ನಂತರ ಬರುವುದೇ ಆಲ್ಕೋಹಾಲ್. ಸೂಕ್ಷ್ಮ ಚರ್ಮಕ್ಕೆ ಚುರುಗುಟ್ಟುತ್ತದೆ, ಬೆವರಿಳಿದು ಕಣ್ಣಿಗೆ ಹೋದರೆ ಉರಿ. ಬಂಗು ಇರುವವರಿಗೆ ಇದೊಂದೇ ಸಾಲದು. ಕಂದು ಚರ್ಮದಲ್ಲಿ ಬರೀ ಯುವಿ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಕಲೆ ಗಾಢ ಮಾಡುತ್ತದೆ. ಅದನ್ನು ತಡೆಯಲು ಐರನ್ ಆಕ್ಸೈಡ್ ಬೇಕು, ಅದು ಸಿಗುವುದು ಬಣ್ಣವಿರುವ, ಟಿಂಟೆಡ್ ಎಂದು ಬರೆದಿರುವ ಸನ್‌ಸ್ಕ್ರೀನ್‌ಗಳಲ್ಲಿ. ಬಂಗಿಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದರೆ ಟಿಂಟೆಡ್ ಅನ್ನೇ ಕೊಳ್ಳಿ. ಇನ್ನು, ಆಮದು ಸರಕು ಎಂದ ಮೇಲೆ ಟ್ಯೂಬಿನ ಮೇಲೆ ಆಮದುದಾರರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇರುವ ಲೇಬಲ್ ಇರಲೇಬೇಕು. ಇಲ್ಲದಿದ್ದರೆ ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ.

ಈಗ ಅಳತೆ. ಲೇಬಲ್ಲಿನ ಎಸ್‌ಪಿಎಫ್ ಸಿಕ್ಕಿರುವುದು ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷಿಸಿದಾಗ. ಮನೆಯಲ್ಲಿ ಹೆಚ್ಚಿನವರು ಹಚ್ಚುವುದು ಇದರ ಅರ್ಧವೂ ಇಲ್ಲ. ತೋರುಬೆರಳು, ನಡುಬೆರಳಿನ ಬುಡದಿಂದ ತುದಿಯವರೆಗೆ ಎರಡು ಗೆರೆ ಎಳೆಯಿರಿ. ಮುಖಕ್ಕೂ ಕತ್ತಿಗೂ ಕನಿಷ್ಠ ಅಷ್ಟು ಬೇಕು. ಒಂದೇ ಸಲ ಹಚ್ಚಿದರೆ ಜಾಸ್ತಿ ಅನಿಸುತ್ತದೆ, ಹಾಗಾಗಿ ಮೊದಲು ಒಂದು ಗೆರೆ ಹಚ್ಚಿ, ಎರಡು ನಿಮಿಷ ಬಿಟ್ಟು ಇನ್ನೊಂದು. ಕಿವಿ, ಕತ್ತಿನ ಹಿಂಭಾಗ, ಬೈತಲೆ ಇವು ಮರೆತುಹೋಗುವ ಜಾಗಗಳು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಬೆವರು ಒರೆಸಿಕೊಂಡರೆ ಇನ್ನೂ ಬೇಗ. ಈ ಲೆಕ್ಕದಲ್ಲಿ ದಿನಕ್ಕೆ ಎರಡು ಸಲ ಹಚ್ಚಿದರೂ 50 ಗ್ರಾಂ ಟ್ಯೂಬ್ ಮೂರು ನಾಲ್ಕು ವಾರಕ್ಕೆ ಖಾಲಿಯಾಗಬೇಕು. ಮೂರು ತಿಂಗಳು ಬಂತೆಂದರೆ ಅದು ಉಳಿತಾಯವಲ್ಲ, ಚರ್ಮಕ್ಕೆ ರಕ್ಷಣೆಯೇ ಸಿಕ್ಕಿಲ್ಲ. ದುಬಾರಿ ಅನಿಸಿದರೆ ಪಿಎ++++ ಇರುವ ಅಗ್ಗದ ಟ್ಯೂಬ್ ಕೊಂಡು ಧಾರಾಳವಾಗಿ ಹಚ್ಚಿ. ದುಬಾರಿಯದನ್ನು ಜಿಪುಣತನದಿಂದ ಹಚ್ಚುವುದಕ್ಕಿಂತ ಅದು ಎಷ್ಟೋ ಮೇಲು.

ಪ್ರತಿದಿನ ಹಚ್ಚುವುದರ ಫಲ ಆಸ್ಟ್ರೇಲಿಯಾದ ನ್ಯಾಂಬೂರ್ ಊರಿನ ಪ್ರಯೋಗದಲ್ಲಿ ಕಂಡಿದೆ. ಅಲ್ಲಿ 900ಕ್ಕೂ ಹೆಚ್ಚು ಜನರನ್ನು ನಾಲ್ಕೂವರೆ ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ದಿನವೂ ಹಚ್ಚಿದವರಲ್ಲಿ ಚರ್ಮ ಮುಪ್ಪಾಗುವುದು 24% ಕಡಿಮೆ. ಅವರಿಗೆ ಕೊಟ್ಟಿದ್ದು ಎಸ್‌ಪಿಎಫ್ 15+ ಅಷ್ಟೇ. ಬೆಂಗಳೂರಿನವರು ಇನ್ನೊಂದು ಮಾತು ನೆನಪಿಡಬೇಕು. ಊರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಎತ್ತರ ಹೆಚ್ಚಿದಂತೆ ಯುವಿಯೂ ಹೆಚ್ಚುತ್ತದೆ. ಹವೆ ತಂಪಾಗಿದೆ ಎಂದು ಬರಿಮುಖದಲ್ಲಿ ಮಧ್ಯಾಹ್ನ ಸ್ಕೂಟರ್ ಓಡಿಸುವವರ ಚರ್ಮಕ್ಕೆ ಬೀಳುವ ಪೆಟ್ಟು ಕಲಬುರಗಿಯವರಿಗಿಂತ ಕಮ್ಮಿ ಏನಿಲ್ಲ. ಕಲಬುರಗಿ, ರಾಯಚೂರಿನವರಿಗೆ ಬೇರೆ ಎಚ್ಚರಿಕೆ: ಬೇಸಿಗೆಯಲ್ಲಿ ಟ್ಯೂಬನ್ನು ಕಾರಿನಲ್ಲಿ ಬಿಡಬೇಡಿ. ಹಿಂಡಿದಾಗ ಎಣ್ಣೆ ಬೇರೆ, ನೀರು ಬೇರೆಯಾಗಿ ಬಂದರೆ ಅದನ್ನು ಎಸೆಯಿರಿ.

ರೆಟಿನೋ-ಎ ವಿಷಯದಲ್ಲಿ ತಪ್ಪು ಆಗುವುದು ಉಲ್ಟಾ ದಿಕ್ಕಿನಲ್ಲಿ. ಅದರಲ್ಲಿರುವುದು ಟ್ರೆಟಿನೋಯಿನ್, ವೈದ್ಯರ ಚೀಟಿ ಬೇಕಾದ ಔಷಧ. ಬಿಸಿಲಿನಿಂದ ಬಂದ ಸಣ್ಣ ಸುಕ್ಕು, ಒರಟು ಚರ್ಮ, ಕಲೆಗಳಿಗೆ ಇದಕ್ಕಿಂತ ಚೆನ್ನಾಗಿ ಪರೀಕ್ಷೆಗೊಳಗಾದ ಮುಲಾಮು ಇಲ್ಲ. ಪೂರ್ತಿ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ರಾತ್ರಿ ಮುಖ ತೊಳೆದು, ಒರೆಸಿ, 20 ನಿಮಿಷ ಬಿಡಿ. ಒದ್ದೆ ಚರ್ಮದಲ್ಲಿ ಔಷಧ ಜಾಸ್ತಿ ಇಳಿದು ಉರಿಸುತ್ತದೆ. ಹಣೆ, ಎರಡು ಕೆನ್ನೆ, ಗಲ್ಲಕ್ಕೆ ಚುಕ್ಕಿ ಇಟ್ಟು ಹರಡಿ. ಕಣ್ಣಂಚು, ಮೂಗಿನ ಪಕ್ಕದ ಮಡಿಕೆ, ತುಟಿಯ ಮೂಲೆ ಬಿಟ್ಟುಬಿಡಿ. ಮೇಲೆ ಸಾದಾ ಮಾಯಿಶ್ಚರೈಸರ್. ಮೊದಲ ತಿಂಗಳು ವಾರಕ್ಕೆ ಎರಡು ರಾತ್ರಿ, ಆಮೇಲೆ ದಿನ ಬಿಟ್ಟು ದಿನ.

ಮೊದಲ ಎರಡರಿಂದ ಆರು ವಾರ ಸಿಪ್ಪೆ ಏಳುವುದು, ಕೆಂಪಾಗುವುದು ಸಹಜ. ಬೇಗ ಫಲ ಬರಲಿ ಎಂದು ಜಾಸ್ತಿ ಹಚ್ಚಿದರೆ ನಮ್ಮಂಥ ಚರ್ಮದಲ್ಲಿ ಉರಿ ಬಂದ ಜಾಗವೇ ಕಪ್ಪಾಗಿ ಉಳಿಯುತ್ತದೆ. ಕಲೆ ತೆಗೆಯಲು ಹೋಗಿ ಕಲೆ ತಂದುಕೊಳ್ಳುವುದು ಹೀಗೆ. 0.05% ಅಥವಾ 0.1%ಕ್ಕೆ ಹಾರುವ ಅವಸರ ಬೇಡ, ತಿಂಗಳುಗಟ್ಟಲೆ ಹಚ್ಚಿದಾಗ 0.025% ಕೂಡ ಸುಮಾರು ಅದೇ ಮಟ್ಟಕ್ಕೆ ಬರುತ್ತದೆ, ಉರಿ ಮಾತ್ರ ಕಮ್ಮಿ. ಮೇಲ್ತುಟಿಗೆ ವ್ಯಾಕ್ಸಿಂಗ್ ಇದ್ದರೆ ಒಂದು ವಾರ ಮೊದಲೇ ನಿಲ್ಲಿಸಿ, ಇಲ್ಲದಿದ್ದರೆ ಚರ್ಮವೇ ಕಿತ್ತು ಬರುತ್ತದೆ. ಗರ್ಭಿಣಿಯರಿಗೆ, ಗರ್ಭ ಧರಿಸುವ ಯೋಚನೆಯಲ್ಲಿರುವವರಿಗೆ ಇದು ಬೇಡವೇ ಬೇಡ. ಬೆಳಗ್ಗೆ ಸನ್‌ಸ್ಕ್ರೀನ್ ಹಚ್ಚುವ ಅಭ್ಯಾಸ ಇಲ್ಲದವರು ಇದನ್ನು ಶುರು ಮಾಡುವುದೂ ಬೇಡ.

ಅಂಗಡಿಯವರು "ಇದು ಇನ್ನೂ ಚೆನ್ನಾಗಿದೆ" ಎಂದು ಟ್ರೆಟಿನೋಯಿನ್ ಜೊತೆ ಬಣ್ಣ ತಿಳಿ ಮಾಡುವ ಹೈಡ್ರೋಕ್ವಿನೋನ್, ಮತ್ತು ಮೊಮೆಟಾಸೋನ್ ಸೇರಿದ ಕ್ರೀಮ್ ಕೊಟ್ಟರೆ ವಾಪಸ್ ಕೊಡಿ. ಮೊಮೆಟಾಸೋನ್ ಸ್ಟೀರಾಯ್ಡ್. ಮೊದಲ ಕೆಲವು ವಾರ ಮುಖ ಹೊಳೆಯುತ್ತದೆ, ಆಮೇಲೆ ಚರ್ಮ ತೆಳುವಾಗಿ, ರಕ್ತನಾಳ ಕಾಣತೊಡಗಿ, ಮೊಡವೆ, ಬೇಡದ ಕೂದಲು ಬಂದು, ಬಿಟ್ಟರೆ ಉರಿಯುವ ಸ್ಥಿತಿಗೆ ತರುತ್ತದೆ. ಚೀಟಿ ಇಲ್ಲದೆ ಮಾರಬಾರದೆಂಬ ನಿಯಮವಿದ್ದರೂ ಫೇರ್‌ನೆಸ್ ಕ್ರೀಮಿನಂತೆ ಕೈಗಿಡುವ ಅಂಗಡಿಗಳಿವೆ. ಎಷ್ಟೋ ಹೆಣ್ಣುಮಕ್ಕಳ ಮುಖ ಹೀಗೆ ಹಾಳಾಗಿದೆ ಎಂಬುದು ನಿಜಕ್ಕೂ ಸಂಕಟದ ವಿಷಯ.

ಮಿನಾಕ್ಸಿಡಿಲ್‌ಗೆ ಬರೋಣ. ಮೊದಲು ರಕ್ತದೊತ್ತಡದ ಮಾತ್ರೆಯಾಗಿದ್ದ ಇದರ ಅಡ್ಡಪರಿಣಾಮವಾಗಿ ಕೂದಲು ಬೆಳೆದದ್ದನ್ನು ಕಂಡು ತಲೆಗೆ ಹಚ್ಚುವ ರೂಪ ಬಂತು. ಅಮೆರಿಕದಲ್ಲಿ 1988ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಮಿನ್‌ಟಾಪ್ ಡಾ. ರೆಡ್ಡೀಸ್‌ನದು, ಟುಗೇನ್ ಸಿಪ್ಲಾದ್ದು. ಔಷಧ ಒಂದೇ, ಇದರಲ್ಲಿ ಬ್ರ್ಯಾಂಡ್ ಜಗಳಕ್ಕೆ ಅರ್ಥವಿಲ್ಲ. ಪುರುಷರಿಗೆ 5%, ಒಂದು ಸಲಕ್ಕೆ 1 ಮಿಲಿ, ದಿನಕ್ಕೆ ಎರಡು ಸಲ. 60 ಮಿಲಿ ಬಾಟಲಿ ಸರಿಯಾಗಿ 30 ದಿನ. ಮಹಿಳೆಯರಿಗೆ 2% ಎರಡು ಸಲ, ಇಲ್ಲವೇ ನೊರೆಯಂತೆ ಬರುವ 5% ಫೋಮ್ ಒಂದು ಸಲ. 5% ದ್ರಾವಣವನ್ನು ಎರಡೆರಡು ಸಲ ಹಚ್ಚಿದ ಮಹಿಳೆಯರಿಗೆ ಕೆನ್ನೆ, ಹಣೆಯ ಪಕ್ಕ ಕೂದಲು ಬರುವ ಸಾಧ್ಯತೆ ಹೆಚ್ಚು.

ನೆತ್ತಿ ಒಣಗಿರಬೇಕು. ಬೈತಲೆ ತೆಗೆದು ಡ್ರಾಪರ್ ತುದಿಯನ್ನು ಚರ್ಮಕ್ಕೆ ತಾಗಿಸಿ ಬಿಡಿ, ಕೂದಲಿಗೆ ಸವರಿದ್ದು ದಂಡ. ನಾಲ್ಕು ಗಂಟೆ ತಲೆಗೆ ನೀರು ಬೇಡ. ರಾತ್ರಿಯದನ್ನು ಮಲಗುವ ಎರಡು ಗಂಟೆ ಮೊದಲೇ ಹಚ್ಚಿ, ದಿಂಬಿಗೆ ಅಂಟಿದರೆ ಅಲ್ಲಿಂದ ಮುಖಕ್ಕೆ ಹೋಗುತ್ತದೆ. ಒಣಗಿದ ಮೇಲೆ ಉಳಿಯುವ ಬಿಳಿ ಪುಡಿಯನ್ನು ಹೊಟ್ಟೆಂದು ತಿಳಿದು ನಿಲ್ಲಿಸುವವರಿದ್ದಾರೆ, ಅದು ಔಷಧದ್ದೇ ಶೇಷ. ತುರಿಕೆ, ಕೆಂಪು ಬಂದರೆ ಹೆಚ್ಚಾಗಿ ಕಾರಣ ಔಷಧ ಕರಗಿಸಲು ದ್ರಾವಣಕ್ಕೆ ಹಾಕುವ ಪ್ರೊಪಿಲೀನ್ ಗ್ಲೈಕಾಲ್, ಅದಿಲ್ಲದ ಫೋಮ್‌ಗೆ ಬದಲಾಗಿ. ಎದೆ ಡವಡವ, ಕಾಲು ಊತ, ತಲೆಸುತ್ತು ಬಂದರೆ ನಿಲ್ಲಿಸಿ ವೈದ್ಯರನ್ನು ಕಾಣಿ. ಮನೆಯಲ್ಲಿ ಬೆಕ್ಕಿದ್ದರೆ ಬಾಟಲಿ, ದಿಂಬು, ಕೈ ಎಲ್ಲದರ ಬಗ್ಗೆ ಜಾಗ್ರತೆ. ಹನಿಯಷ್ಟು ನೆಕ್ಕಿದರೂ ಬೆಕ್ಕಿನ ಜೀವಕ್ಕೆ ಅಪಾಯ.

ಹೆಚ್ಚಿನವರು ಕೈಬಿಡುವುದು ಎರಡನೇ ತಿಂಗಳಲ್ಲಿ. ಶುರುವಾದ ಎರಡರಿಂದ ಎಂಟು ವಾರದೊಳಗೆ ಉದುರುವುದು ಮೊದಲಿಗಿಂತ ಜಾಸ್ತಿಯಾಗುತ್ತದೆ. ಹಳೆಯ ಕೂದಲನ್ನು ತಳ್ಳಿ ಹೊಸದು ಬರುವ ಹೊತ್ತದು, ಆಗ ಬಿಡಬಾರದು. ನಾಲ್ಕು ತಿಂಗಳಾದರೂ ಕಾಯಬೇಕು. ನಡುನೆತ್ತಿಯಲ್ಲಿ ಫಲ ಚೆನ್ನ, ಹಣೆಯ ಮೂಲೆಗಳಲ್ಲಿ ಕಮ್ಮಿ. ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಬಂದದ್ದೆಲ್ಲ ಹೋಗುತ್ತದೆ, ಹಾಗಾಗಿ ವರ್ಷಗಟ್ಟಲೆ ಖರ್ಚು ಮಾಡುವ ಮನಸ್ಸಿದ್ದರೆ ಮಾತ್ರ ಕೈ ಹಾಕಿ. ಲೇಬಲ್ಲಿನಲ್ಲಿ ಕೂದಲುದುರುವಿಕೆಯ ಇನ್ನೊಂದು ಔಷಧ ಫಿನಾಸ್ಟರೈಡ್ ಕೂಡ ಸೇರಿದೆಯೇ ನೋಡಿ. ಅಂಥ ಬಾಟಲಿಯನ್ನು ಗರ್ಭಿಣಿಯರು ಮುಟ್ಟಲೂ ಬಾರದು.

ಎಲ್ಲ ಕೂದಲು ಉದುರುವಿಕೆಗೂ ಇದು ಬೇಕಿಲ್ಲ. ಡೆಂಗಿ, ಟೈಫಾಯ್ಡ್, ಹೆರಿಗೆ ಆಗಿ ಎರಡು ಮೂರು ತಿಂಗಳಿಗೆ ಕೈತುಂಬ ಉದುರುವುದು ಸಾಮಾನ್ಯವಾಗಿ ಆರು ತಿಂಗಳಲ್ಲಿ ತಾನೇ ನಿಲ್ಲುತ್ತದೆ. ಬೋರ್‌ವೆಲ್ ನೀರಿನ ಮೇಲೆ ಎಲ್ಲ ತಪ್ಪು ಹೊರಿಸುವುದೂ ಸರಿಯಲ್ಲ. ಗಡಸು ನೀರು ಕೂದಲನ್ನು ಒರಟು ಮಾಡಿ ನಡುವೆ ತುಂಡರಿಸಬಹುದು, ಬುಡದಿಂದ ಬೋಳು ಮಾಡುವುದಿಲ್ಲ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ಟಿಎಸ್‌ಎಚ್ (ಥೈರಾಯ್ಡ್) ಪರೀಕ್ಷೆ ಮಾಡಿಸಿದರೆ ಹಣ ಸಾರ್ಥಕ. ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಮೊದಲೇ ಹೇಳಿ, ಅದು ಥೈರಾಯ್ಡ್ ಫಲಿತಾಂಶವನ್ನು ತಪ್ಪು ತೋರಿಸಬಲ್ಲದು. ನಾಣ್ಯದಷ್ಟಗಲ ದುಂಡಗೆ, ನುಣ್ಣಗೆ ಕೂದಲು ಹೋಗಿದ್ದರೆ, ಅಥವಾ ನೆತ್ತಿಯಲ್ಲಿ ನೋವು, ಕೀವು, ಗಾಯದ ಗುರುತು ಇದ್ದರೆ ಅಂಗಡಿಗೆ ಹೋಗುವ ಮೊದಲು ಚರ್ಮರೋಗ ತಜ್ಞರಿಗೆ ತೋರಿಸಿ. ಗಾಯದ ಗುರುತು ಬೀಳುವ ಬಗೆಯಲ್ಲಿ ತಡವಾದರೆ ಬೇರೇ ಸತ್ತುಹೋಗಿ ಆ ಜಾಗದಲ್ಲಿ ಮತ್ತೆ ಕೂದಲು ಬರುವುದಿಲ್ಲ.