1,999ಕ್ಕೆ ‘ಲೈಫ್‌ಟೈಮ್’ ರಿವರ್ಬ್ ಕೊಡ್ತೀವಿ ಅನ್ನೋರು ಮತ್ತೆ ಬಂದಿದ್ದಾರೆ, ಹುಷಾರು

ಗಂಗಾವತಿ, ಸಿಂಧನೂರು, ಕೊಪ್ಪಳ ಕಡೆ ಮನೆಯಲ್ಲೇ ಹಾಡು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವವರ ಗುಂಪುಗಳಲ್ಲಿ ಒಂದು ಪೋಸ್ಟರ್ ಮತ್ತೆ ಓಡಾಡುತ್ತಿದೆ. “ಹತ್ತು ಸಾವಿರದ ರಿವರ್ಬ್ ಪ್ಲಗಿನ್, ಒರಿಜಿನಲ್ ಲೈಸೆನ್ಸ್, ಲೈಫ್‌ಟೈಮ್, ಬರೀ 1,999. ಇನ್‌ಸ್ಟಾಲ್ ನಾವೇ ಮಾಡಿಕೊಡ್ತೀವಿ.” (ರಿವರ್ಬ್ ಅಂದರೆ ದನಿಗೆ ಗುಡಿಯಂಥ ಅನುರಣನ ಕೊಡುವುದು, ಪ್ಲಗಿನ್ ಅಂದರೆ ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಜೋಡಿಸುವ ಪುಟ್ಟ ತಂತ್ರಾಂಶ.) ಕೆಳಗೊಂದು ಯುಪಿಐ ಕ್ಯೂಆರ್. ಹೆಸರು ಬೇರೆ, ನಂಬರ್ ಬೇರೆ, ಒಕ್ಕಣೆ ಮಾತ್ರ ಅದೇ. ಈ ಪೋಸ್ಟರ್ ನೋಡಿ ದುಡ್ಡು ಕಳಿಸಿದವರಲ್ಲಿ ನಾನೂ ಒಬ್ಬ. ಮುಂದೇನಾಯಿತು ಅಂತ ಹೇಳಿಬಿಡುತ್ತೇನೆ.

ನಮ್ಮದು ಗಂಗಾವತಿಯಲ್ಲಿ ಮಾಳಿಗೆ ಮೇಲಿನ ಒಂದು ಕೋಣೆ. ಗೋಡೆಗೆಲ್ಲ ಕೌದಿ ಇಳಿಬಿಟ್ಟು, ಫ್ಯಾನ್ ಬಂದ್ ಮಾಡಿ, ಬೆವರು ಒರೆಸಿಕೊಳ್ಳುತ್ತ ರೆಕಾರ್ಡ್ ಮಾಡುತ್ತೇವೆ. ತತ್ವಪದದವರು, ಭಜನಾ ಮಂಡಳಿಯವರು, ಮೊಹರಂ ಹತ್ತಿರ ಬಂತೆಂದರೆ ರಿವಾಯತ್ ಪದದವರು ಬರುತ್ತಾರೆ. ಕೌದಿಯಿಂದಾಗಿ ದನಿ ಒಣಒಣವಾಗಿ ಮೈಕಿಗೆ ಬೀಳುತ್ತದೆ. ಅದು ಒಳ್ಳೆಯದೇ. ಬರೀ ಗೋಡೆಯ ಕೆಟ್ಟ ಗುಂಯ್‌ಗುಡುವಿಕೆ ಒಮ್ಮೆ ರೆಕಾರ್ಡಿನೊಳಗೆ ಹೊಕ್ಕರೆ ಆಮೇಲೆ ಅದನ್ನು ಬಿಡಿಸುವುದು ದೊಡ್ಡ ತಲೆನೋವು. ಆದರೆ ಅದೇ ಒಣ ದನಿಯನ್ನು ಹಾಡಿದವರಿಗೆ ಕೇಳಿಸಿ ನೋಡಿ, ಮುಖ ಸಪ್ಪಗಾಗುತ್ತದೆ. “ಗುಡ್ಯಾಗ ಹಾಡಿದಂಗ ಬರಬೇಕ್ರಿ” ಅನ್ನುತ್ತಾರೆ. ಆ ಗುಡಿಯನ್ನು ಕೋಣೆಗೆ ತರುವುದೇ ರಿವರ್ಬಿನ ಕೆಲಸ. ದನಿಗೂ ಡೋಲಕ್ಕಿಗೂ ಹಾರ್ಮೋನಿಯಂಗೂ ಒಗ್ಗುವ ಒಂದೇ ರಿವರ್ಬ್ ಕಡಿಮೆ ದುಡ್ಡಿಗೆ ಸಿಕ್ಕರೆ ಯಾರಿಗೆ ಬೇಡ?

ದುಡ್ಡು ಹಾಕಿದ ಕೂಡಲೇ ಮಾರುವವನಿಂದ ಫೋನ್ ಬಂತು. ಮಾತು ಬಹಳ ಮರ್ಯಾದೆಯದು. ದೂರದಿಂದಲೇ ನಮ್ಮ ಕಂಪ್ಯೂಟರ್ ನಡೆಸುವ ಒಂದು ರಿಮೋಟ್ ಆಪ್ ಹಾಕಿಸಿದ, ಕೋಡ್ ಕೇಳಿದ. “ಸರ್, ಆಂಟಿವೈರಸ್ ಆಫ್ ಮಾಡ್ರಿ, ಇಲ್ಲಾಂದ್ರ ಆಕ್ಟಿವೇಟ್ ಆಗಲ್ಲ.” ಪರದೆಯ ಮೇಲೆ ಬಾಣ ತಾನೇ ಓಡಾಡಿತು, ಕಪ್ಪು ವಿಂಡೋ ಒಂದು ತೆರೆದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿತು. ಪ್ಲಗಿನ್ ತೆರೆದಾಗ ಮೂಲೆಯಲ್ಲಿ ‘ರಿಜಿಸ್ಟರ್ಡ್ ಟು’ ಅಂತ ಯಾರೋ ವಿದೇಶಿಯನ ಹೆಸರು. ಕೇಳಿದರೆ “ಬಲ್ಕ್ ಲೈಸೆನ್ಸ್ ಸರ್, ಎಲ್ಲಾರಿಗೂ ಹಂಗೇ ಬರೋದು” ಅಂದ. ಸದ್ದೇನೋ ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ಬಂದ ಹಾಡುಗಳಿಗೆಲ್ಲ ಅದನ್ನೇ ಹಾಕಿದೆ.

ಕೆಲವು ವಾರ ಕಳೆದಿರಬೇಕು. ಏಕತಾರಿ, ದಮ್ಮಡಿ ಹಿಡಿದು ಹಳ್ಳಿಯಿಂದ ಬಸ್ಸಿನಲ್ಲಿ ಬಂದ ಹಿರಿಯರೊಬ್ಬರು ಹಿಂದಿನ ಸಲದ ಪದ ಕೇಳಬೇಕೆಂದು ಎದುರು ಕೂತಿದ್ದರು. ಪ್ರಾಜೆಕ್ಟ್ ತೆರೆದರೆ ಪ್ಲಗಿನ್ ಇದ್ದ ಜಾಗದಲ್ಲಿ ಬೂದು ಪೆಟ್ಟಿಗೆ: ಲೈಸೆನ್ಸ್ ಸಿಗಲಿಲ್ಲ. ಅದೊಂದೇ ಹಾಡಲ್ಲ, ಆ ರಿವರ್ಬ್ ಹಾಕಿದ ಅಷ್ಟೂ ಹಾಡುಗಳು ಒಣಗಿ ಕೂತಿದ್ದವು. ಮಾರಿದವನು ಮೊದಲು “ಸರ್ವರ್ ಮೇಂಟೆನೆನ್ಸ್” ಅಂದ, ಆಮೇಲೆ “ರಿನ್ಯೂವಲ್ 799” ಅಂದ. ಲೈಫ್‌ಟೈಮ್ ಅಂದಿದ್ದೆಯಲ್ಲಪ್ಪಾ ಅಂದದ್ದಕ್ಕೆ ಬ್ಲಾಕ್ ಮಾಡಿದ.

ಪ್ಲಗಿನ್ ತಯಾರಿಸಿದ ಕಂಪನಿಗೇ ಬರೆದೆ. ಆ ಸೀರಿಯಲ್ ನಂಬರ್ ಬೇರೊಬ್ಬರ ಖಾತೆಯದು, ಸಿಕ್ಕಾಪಟ್ಟೆ ಕಂಪ್ಯೂಟರುಗಳಲ್ಲಿ ಆಕ್ಟಿವೇಟ್ ಆಗಿದ್ದರಿಂದ ರದ್ದು ಮಾಡಿದ್ದೇವೆ ಅಂತ ಉತ್ತರ ಬಂತು. ಅವರ ಮಟ್ಟಿಗೆ ಅದು ಸರಿಯೇ.

ದುಡ್ಡು ಹೋದದ್ದಕ್ಕಿಂತ ದೊಡ್ಡ ಭಯ ಆಮೇಲೆ ಕಾದಿತ್ತು. ಸಿಸ್ಟಂ ತಡಕಾಡಿದಾಗ ವಿಂಡೋಸ್ ಸೆಕ್ಯುರಿಟಿಯ ಎಕ್ಸ್‌ಕ್ಲೂಷನ್ಸ್ ಪಟ್ಟಿಯಲ್ಲಿ ಇಡೀ ಸಿ ಡ್ರೈವ್ ಇತ್ತು. ಅಂದರೆ ಆಂಟಿವೈರಸ್ಸಿಗೆ “ಈ ಕಡೆ ತಿರುಗಿಯೂ ನೋಡಬೇಡ” ಅಂತ ಹೇಳಿಟ್ಟು ಹೋಗಿದ್ದ. ಆಫ್ ಮಾಡಿದ್ದನ್ನು ನಾನು ಮತ್ತೆ ಆನ್ ಮಾಡಿದ್ದೆ, ಹಸಿರು ಗುರುತು ಕಾಣುತ್ತಿತ್ತು, ಆದರೆ ಒಳಗೆ ಕಾವಲೇ ಇರಲಿಲ್ಲ. ಯಾವ ವಿಳಾಸ ಎಲ್ಲಿಗೆ ಹೋಗಬೇಕು ಅಂತ ಕಂಪ್ಯೂಟರಿಗೆ ಹೇಳುವ ಹೋಸ್ಟ್ಸ್ ಫೈಲಿನಲ್ಲಿ ಕಂಪನಿಯ ಲೈಸೆನ್ಸ್ ಸರ್ವರಿನ ಕೆಲವು ವಿಳಾಸಗಳನ್ನು 127.0.0.1ಕ್ಕೆ, ಅಂದರೆ ನಮ್ಮದೇ ಕಂಪ್ಯೂಟರಿಗೆ, ತಿರುಗಿಸಿದ ಸಾಲುಗಳು. ರಿಮೋಟ್ ಆಪಿನಲ್ಲಿ ನಾನು ಒಪ್ಪಿಗೆ ಕೊಡದಿದ್ದರೂ ಒಳಗೆ ಬರಲಾಗುವಂತೆ ಅವನದೇ ಪಾಸ್‌ವರ್ಡ್. ಅದೇ ಕಂಪ್ಯೂಟರಿನ ಬ್ರೌಸರಿನಲ್ಲಿ ನನ್ನ ಗೂಗಲ್ ಖಾತೆ, ಚಾನೆಲ್, ಬ್ಯಾಂಕು ಎಲ್ಲ ಇತ್ತು. ಹಾಡುಗಳ ಆಡಿಯೊ ಫೈಲುಗಳನ್ನಷ್ಟೇ ತೆಗೆದಿಟ್ಟುಕೊಂಡು ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದೇನೆ, ದುಡ್ಡು ವಾಪಸ್ ಬಂದಿಲ್ಲ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲೇ ಹೇಳಿದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಹಾಗಾಗಿ ಆ ನಂಬರಿಗೆ ತಡಮಾಡದೆ ಫೋನ್ ಮಾಡಿ.

ಇಂಥವರ ಹತ್ತಿರ ನಮ್ಮವರು ಯಾಕೆ ಹೋಗುತ್ತಾರೆ? ಬರೀ ಅಗ್ಗ ಅಂತಲ್ಲ. ವಿದೇಶಿ ಪ್ಲಗಿನ್ ಕಂಪನಿಗಳಲ್ಲಿ ಸಾಮಾನ್ಯವಾಗಿ ಯುಪಿಐ ನಡೆಯುವುದಿಲ್ಲ. 2020ರ ರಿಸರ್ವ್ ಬ್ಯಾಂಕ್ ಆದೇಶದ ನಂತರ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದುಕೊಂಡು ಬರುತ್ತವೆ, ವಿದೇಶಿ ವ್ಯವಹಾರವನ್ನು ನಾವೇ ಬ್ಯಾಂಕಿನ ಆಪಿನಲ್ಲಿ ಆನ್ ಮಾಡಬೇಕು. ಅದು ಗೊತ್ತಿಲ್ಲದೆ ಕಾರ್ಡ್ ಹಾಕಿ, ಫೇಲ್ ಆಗಿ, ಬೇಸತ್ತು ಕ್ಯೂಆರ್ ಇರುವವನ ಹತ್ತಿರ ಹೋಗುತ್ತೇವೆ. ಅವನು ಮಾರುವುದು ರಿವರ್ಬ್ ಅಲ್ಲ, ಆ ಕ್ಯೂಆರ್ ಸ್ಕ್ಯಾನ್ ಮಾಡುವ ಸಲೀಸನ್ನು. ಕಾರ್ಡಿನಲ್ಲಿ ವಿದೇಶಿ ಬಳಕೆ ಆನ್ ಮಾಡಿ, ಮಿತಿಯನ್ನು ಕೊಳ್ಳುವ ಬೆಲೆಗಿಂತ ತುಸು ಮೇಲಕ್ಕೆ ಇಟ್ಟು, ಕೊಂಡ ಮೇಲೆ ಮತ್ತೆ ಆಫ್ ಮಾಡಿ. ಅಷ್ಟೇ ಕೆಲಸ.

ಸೆಕೆಂಡ್ ಹ್ಯಾಂಡ್ ಲೈಸೆನ್ಸ್ ಅನ್ನುವುದೇ ಸುಳ್ಳಲ್ಲ. ಕೆಲವು ಕಂಪನಿಗಳು ವರ್ಗಾವಣೆಗೆ ಬಿಡುತ್ತವೆ, ಕೆಲವು ಅದಕ್ಕೆ ಶುಲ್ಕ ಹಾಕುತ್ತವೆ, ಕೆಲವು ಬಿಡುವುದೇ ಇಲ್ಲ. ಬಿಟ್ಟರೂ ಅದು ನಡೆಯುವುದು ಕಂಪನಿಯ ಮೂಲಕ, ನಿಮ್ಮ ಇಮೇಲಿಗೆ ಕಂಪನಿಯಿಂದಲೇ ಪತ್ರ ಬರುತ್ತದೆ. ಮಾರುವವನಿಗೆ ನಿಮ್ಮ ಕಂಪ್ಯೂಟರಿನೊಳಗೆ ಬರುವ ಕೆಲಸವೇ ಇರುವುದಿಲ್ಲ.

ಈಗ ಏನು ಬಳಸುತ್ತೀಯ ಅಂತ ಕೇಳುವವರಿಗೆ: ಹೆಚ್ಚಿನ ಕೆಲಸ ಪುಕ್ಕಟೆ ಪ್ಲಗಿನ್ನುಗಳಲ್ಲೇ ಮುಗಿಯುತ್ತದೆ. ಡ್ರ್ಯಾಗನ್‌ಫ್ಲೈ ರಿವರ್ಬ್ ಓಪನ್ ಸೋರ್ಸ್. ಹಾಲ್, ರೂಮ್, ಪ್ಲೇಟ್, ಅರ್ಲಿ ರಿಫ್ಲೆಕ್ಷನ್ಸ್ ಅಂತ ನಾಲ್ಕು ಬೇರೆ ಬೇರೆ ಪ್ಲಗಿನ್ ಬರುತ್ತವೆ. ಓರಿಲ್‌ರಿವರ್ ಕೂಡ ಒಳ್ಳೆಯದು. ವಲ್ಹಾಲಾ ಅನ್ನುವ ಕಂಪನಿಯವರ ಸೂಪರ್‌ಮ್ಯಾಸಿವ್ 2020ರಿಂದ ಪುಕ್ಕಟೆ, ಆದರೆ ಅದು ಆಕಾಶದಷ್ಟು ದೊಡ್ಡ ಸದ್ದಿಗೆ. ಹೆಸರು ಕೇಳಿ ಅದನ್ನೇ ಭಜನೆಗೆ ಹಾಕಿದರೆ ಸಾಹಿತ್ಯ ಮುಳುಗಿಹೋಗುತ್ತದೆ. ದುಡ್ಡು ಕೊಟ್ಟು ಒಂದೇ ಒಂದು ಕೊಳ್ಳುವುದಾದರೆ ನನ್ನ ಓಟು ಅದೇ ಕಂಪನಿಯ ವಿಂಟೇಜ್‌ವರ್ಬ್‌ಗೆ. 50 ಡಾಲರ್, ನಮ್ಮ ದುಡ್ಡಲ್ಲಿ ನಾಲ್ಕು ಸಾವಿರ ದಾಟುತ್ತದೆ, ಬ್ಯಾಂಕಿನ ಫಾರೆಕ್ಸ್ ಶುಲ್ಕ ಬೇರೆ. ಇದಕ್ಕೆ ಹಬ್ಬದ ಆಫರ್ ಕಾಯಬೇಕಿಲ್ಲ, ಅವರು ಡಿಸ್ಕೌಂಟ್ ಸೇಲ್ ಮಾಡುವವರಲ್ಲ. ಲೈಸೆನ್ಸ್ ಒಂದು ಕೀ ಫೈಲಿನಲ್ಲಿ ಬರುತ್ತದೆ, ಹಾಗಾಗಿ ನೆಟ್ ಹೋದ ದಿನವೂ ಹಾಡು ತೆರೆಯುತ್ತದೆ. ಕ್ಲೌಡಿನಲ್ಲಿ ಲೈಸೆನ್ಸ್ ಇಡುವ ಕೆಲವು ಪ್ಲಗಿನ್ನುಗಳಿಗೆ ನೆಟ್ ಬೇಕೇ ಬೇಕು. ಕೊಳ್ಳುವ ಮುಂಚೆ ಡೆಮೊ ಹಾಕಿ ನಿಮ್ಮದೇ ಲ್ಯಾಪ್‌ಟಾಪಿನಲ್ಲಿ, ನಿಮ್ಮದೇ ಹಾಡಿನ ಮೇಲೆ ನೋಡಿ.

ಪ್ಲಗಿನ್ ಯಾವುದಾದರೂ ಇರಲಿ, ಪ್ರತಿ ಟ್ರ್ಯಾಕಿಗೂ ಒಂದೊಂದು ಹಾಕಬೇಡಿ. ಒಂದು ಸೆಂಡ್ ಟ್ರ್ಯಾಕಿನಲ್ಲಿ ನೂರಕ್ಕೆ ನೂರು ವೆಟ್ (ಮೂಲ ದನಿಯಿಲ್ಲದೆ ಬರೀ ರಿವರ್ಬ್) ಇಟ್ಟು ದನಿ, ಹಾರ್ಮೋನಿಯಂ, ತಾಳ ಎಲ್ಲವನ್ನೂ ಬೇಕಾದಷ್ಟೇ ಅಲ್ಲಿಗೆ ಕಳಿಸಿ. ಲ್ಯಾಪ್‌ಟಾಪೂ ಉಸಿರಾಡುತ್ತದೆ, ಎಲ್ಲರೂ ಒಂದೇ ಜಾಗದಲ್ಲಿ ಕೂತು ಹಾಡಿದ ಹಾಗೂ ಕೇಳುತ್ತದೆ. ದನಿಗೆ ನಾನು ಪ್ಲೇಟ್, ಅಂದರೆ ಉಕ್ಕಿನ ಹಾಳೆ ಕಂಪಿಸಿ ಬರುವ ಅನುರಣನದ ನಕಲು, ಹಾಕುವುದೇ ಹೆಚ್ಚು. 1957ರಲ್ಲಿ ಬಂದ ಜರ್ಮನಿಯ ಇಎಂಟಿ 140 ನಿಜವಾದ ಉಕ್ಕಿನ ಹಾಳೆಯಿದ್ದ ಯಂತ್ರ, ತೂಕ ಸುಮಾರು 270 ಕೆಜಿ. ಅದನ್ನು ನಮ್ಮ ಮಾಳಿಗೆಗೆ ಏರಿಸುವುದನ್ನು ನೆನೆದರೆ ನಗು ಬರುತ್ತದೆ. ಪ್ಲೇಟಿನಲ್ಲಿ ಸ, ಶ ಅಕ್ಷರಗಳು ಚುರ್ ಅಂತ ಸಿಡಿಯುತ್ತವೆ, ಅದಕ್ಕೇ ರಿವರ್ಬಿಗೂ ಮೊದಲು ಆ ಸಿಡಿತ ತಗ್ಗಿಸುವ ಒಂದು ಡಿ-ಎಸ್ಸರ್ ಇರಲಿ. ಸೆಂಡಿನಲ್ಲಿ 300 ಹರ್ಟ್ಸ್ ಕೆಳಗಿನದನ್ನೂ 8 ಕಿಲೊಹರ್ಟ್ಸ್ ಮೇಲಿನದನ್ನೂ ಕತ್ತರಿಸಿದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ಪ್ರಿಡಿಲೇಯನ್ನು (ದನಿ ಬಂದ ಮೇಲೆ ರಿವರ್ಬ್ ಶುರುವಾಗುವ ಮುಂಚಿನ ಅಂತರ) ಸೊನ್ನೆಗೆ ಬಿಡಬೇಡಿ. ಟೆಂಪೋ ನಿಮಿಷಕ್ಕೆ 96 ಬೀಟ್ ಇದ್ದರೆ ಒಂದು ಬೀಟಿಗೆ 625 ಮಿಲಿಸೆಕೆಂಡ್, ಅದರ ಹದಿನಾರನೇ ಒಂದು ಭಾಗ ಸುಮಾರು 39. ಅಷ್ಟು ಇಟ್ಟರೆ ಪದ ಮೊದಲು ಕೇಳಿಸುತ್ತದೆ, ಗುಡಿ ಆಮೇಲೆ ಬರುತ್ತದೆ. ತಾಳದ ಪದಕ್ಕೆ ರಿವರ್ಬಿನ ಬಾಲ (ಸದ್ದು ಕರಗುವ ಹೊತ್ತು) ಒಂದೂವರೆ ಸೆಕೆಂಡ್ ಸಾಕು, ಆಲಾಪಕ್ಕೆ ಬೇಕಿದ್ದರೆ ಮೂರಕ್ಕೆ ಏರಿಸಿ. ದಮ್ಮಡಿಗೆ ಅರ್ಧ ಸೆಕೆಂಡಿನ ರೂಮ್ ಮೇಲು.

ಈಗಾಗಲೇ ಇಂಥವರ ಹತ್ತಿರ ಕೊಂಡವರು ರಿಮೋಟ್ ಆಪನ್ನು ಇವತ್ತೇ ತೆಗೆಯಿರಿ. ವಿಂಡೋಸ್ ಸೆಕ್ಯುರಿಟಿಯಲ್ಲಿ ಎಕ್ಸ್‌ಕ್ಲೂಷನ್ಸ್ ತೆರೆದು ನೋಡಿ, ನೀವು ಹಾಕದ್ದು ಏನಿದ್ದರೂ ಅಳಿಸಿ, ಆಮೇಲೆ ಫುಲ್ ಸ್ಕ್ಯಾನ್ ಕೊಡಿ. ಪಾಸ್‌ವರ್ಡುಗಳನ್ನು ಆ ಕಂಪ್ಯೂಟರಿನಿಂದ ಬದಲಿಸಬೇಡಿ, ಫೋನಿನಿಂದ ಬದಲಿಸಿ, ಗೂಗಲ್ ಖಾತೆಯಲ್ಲಿ ಎಲ್ಲ ಡಿವೈಸುಗಳಿಂದ ಸೈನ್ ಔಟ್ ಮಾಡಿ. ಪ್ಲಗಿನ್ ಇನ್ನೂ ಓಡುತ್ತಿದ್ದರೆ ಇಂಟರ್ನೆಟ್ ಕಿತ್ತು, ಪ್ರತಿ ಹಾಡಿನ ರಿವರ್ಬ್ ಟ್ರ್ಯಾಕನ್ನು ಬೇರೆಯಾಗಿ ವೇವ್ ಫೈಲಿಗೆ ರೆಂಡರ್ ಮಾಡಿಟ್ಟುಕೊಳ್ಳಿ. ಲೈಸೆನ್ಸ್ ನಾಳೆ ಸತ್ತರೂ ಹಾಡಿದವರಿಗೆ ಕೊಡಲು ಹಾಡು ಉಳಿದಿರುತ್ತದೆ. ಅದಾದ ಮೇಲೆ ಪ್ಲಗಿನ್ ತೆಗೆದು ವಿಂಡೋಸ್ ಹೊಸದಾಗಿ ಹಾಕಿ. ಪೋಸ್ಟರಿನ ಸ್ಕ್ರೀನ್‌ಶಾಟ್, ಯುಪಿಐ ರೆಫರೆನ್ಸ್ ನಂಬರ್ ಇದ್ದರೆ ದೂರಿನ ಜೊತೆ ಕೊಡಿ.