ಬಣ್ಣ ಹೊಸದು, ವೈಂಡಿಂಗ್ ಹಳೇದು: ಸೆಲ್ಫನ್ನು 12 ವೋಲ್ಟ್ ಮಾಡಿಸೋರು ಓದಿ

ಮುತ್ಯಾನ ಜೀಪಿನ ಸೆಲ್ಫನ್ನು, ಅಂದರೆ ಎಂಜಿನ್ ತಿರುಗಿಸಿ ಹತ್ತಿಸುವ ಮೋಟಾರನ್ನು, 6 ವೋಲ್ಟಿನಿಂದ 12ಕ್ಕೆ ಬದಲಿಸಲು 3,500 ರೂಪಾಯಿ ಕೊಟ್ಟೆ. ಸಿಕ್ಕಿದ್ದು ಒಂದು ಕೋಟು ಕಪ್ಪು ಬಣ್ಣ, ಹೊಸ ಕಾರ್ಬನ್ (ಒಳಗೆ ಕರೆಂಟು ಮುಟ್ಟಿಸುವ ಚಿಕ್ಕ ತುಂಡು). ಅಷ್ಟೇ. ಅದು ಗೊತ್ತಾಗುವಷ್ಟರಲ್ಲಿ ಎಂಜಿನ್ ಹಿಂದಿನ ದೊಡ್ಡ ಚಕ್ರದ, ಅಂದರೆ ಫ್ಲೈವೀಲಿನ, ಹಲ್ಲು ಉದುರಿದ್ದವು. ಕಲಬುರಗಿ, ಬೀದರ್ ಕಡೆ ಹಳೆ ಗಾಡಿ ಇಟ್ಟುಕೊಂಡವರು ಇದನ್ನೊಮ್ಮೆ ಓದಿಬಿಡಿ.

ಗಾಡಿ ಎರಡನೇ ಮಹಾಯುದ್ಧದ ವಿಲ್ಲೀಸ್ ಎಂಬಿ. 1941ರಿಂದ 1945ರವರೆಗೆ ಬಂದ ಮಾದರಿ. ಮಿಲಿಟರಿಯಿಂದ ಹೊರಬಿದ್ದು, ಎಷ್ಟೋ ಕೈ ದಾಟಿ ಮುತ್ಯಾನ ಅಂಗಳಕ್ಕೆ ಬಂದು ನಿಂತಿತಂತೆ. ತೊಗರಿ ಚೀಲ ಹೊತ್ತಿದೆ, ಮದುವೆ ಮಂದಿಯನ್ನೂ ಹೊತ್ತಿದೆ. ಕರೆಂಟು ಮಾತ್ರ ಎಲ್ಲಾ 6 ವೋಲ್ಟಿನದು. ರಾತ್ರಿ ಹೆಡ್‌ಲೈಟು ಚಿಮಣಿ ಬುಡ್ಡಿ ಹಚ್ಚಿದ ಹಾಗೆ ಕಾಣುತ್ತಿತ್ತು. 6 ವೋಲ್ಟಿನ ದೊಡ್ಡ ಬ್ಯಾಟರಿ ಕೇಳಿದರೆ ಅಂಗಡಿಯವರು ನಮ್ಮ ಮುಖ ನೋಡುತ್ತಾರೆ. ಸರಿ, 12 ಮಾಡಿಬಿಡೋಣ ಅಂದುಕೊಂಡೆ. ಬಲ್ಬು, ಹಾರ್ನು, ಇಗ್ನಿಷನ್ ಕಾಯಿಲ್ ಬದಲಾದವು. ಡೈನಮೋ ಹೋಗಿ ಆಲ್ಟರ್ನೇಟರ್ ಬಂತು. ಇದೆಲ್ಲ ಸುಸೂತ್ರವಾಗಿ ಮುಗಿಯಿತು. ಉಳಿದಿದ್ದು ಸೆಲ್ಫ್ ಒಂದೇ.

ಅದನ್ನು ಊರಿನ ಒಂದು ಸೆಲ್ಫ್-ಡೈನಮೋ ಅಂಗಡಿಗೆ ಒಯ್ದೆ. ಮಿಸ್ತ್ರಿ ಕೈಯಲ್ಲಿ ತೂಗಿ ನೋಡಿ ಹೇಳಿದ: "ಹಂಗೇ ಬಿಟ್ರೂ ನಡೀತದರಿ. ಆದ್ರ ಫೀಲ್ಡ್ ಕಾಯಿಲ್ ಹೊಸದಾಗಿ ಸುತ್ತಿ ಕೊಟ್ಟೆ ಅಂದ್ರ ಮುಂದ ಹತ್ತು ವರ್ಷ ನೋಡಂಗಿಲ್ರಿ." ಫೀಲ್ಡ್ ಕಾಯಿಲ್ ಅಂದರೆ ಸೆಲ್ಫಿನ ಒಳಗೋಡೆಗೆ ಕೂತ ತಾಮ್ರದ ಸುರುಳಿ. ನಾನು ಸುತ್ತಿಯೇ ಕೊಡಿ ಅಂದೆ. ಮೂರನೇ ದಿನ ಸೆಲ್ಫ್ ಕೈಗೆ ಬಂತು. ಮಿಂಚುತ್ತಿತ್ತು. ಬಿಚ್ಚಿ ತೋರಿಸಿ ಅನ್ನಲು ಯಾಕೋ ಸಂಕೋಚವಾಯಿತು. ಪೂರ್ತಿ ದುಡ್ಡು ಎಣಿಸಿ ಕೊಟ್ಟು ಬಂದೆ. ನನ್ನ ಮೊದಲ ತಪ್ಪು ಅದು.

ಮೊದಲ ಎರಡು ವಾರ ಖುಷಿಯೋ ಖುಷಿ. ಈ ಜೀಪಿಗೆ ಸೊಲೆನಾಯ್ಡ್ (ಕರೆಂಟಿನಿಂದಲೇ ಓಡುವ ಸ್ವಿಚ್ಚು) ಇಲ್ಲ, ಸೆಲ್ಫಿನ ಸ್ವಿಚ್ಚನ್ನು ಕಾಲಿನಿಂದ ಒತ್ತಬೇಕು. ಒತ್ತಿದ ತಕ್ಷಣ ಎಂಜಿನ್ ಗರ್ ಅಂತ ತಿರುಗುತ್ತಿತ್ತು. ಅದರ ಮುಂಚೆ 'ಖಟ್' ಅಂತ ಒಂದು ಸದ್ದು. ಪಕ್ಕದ ಮನೆಯವರಿಗೂ ಕೇಳಿಸುವಷ್ಟು. ಜೋರು ಜಾಸ್ತಿಯಾಗಿದೆ ಅಂತ ನಾನು ಹೆಮ್ಮೆ ಪಟ್ಟೆ. ಆ ಸದ್ದು ಬೆಂಡಿಕ್ಸ್, ಅಂದರೆ ಸೆಲ್ಫಿನ ತುದಿಯ ಚಿಕ್ಕ ಗೇರು, ಹೋಗಿ ಫ್ಲೈವೀಲಿನ ಹಲ್ಲಿಗೆ ಗುದ್ದುತ್ತಿದ್ದುದು.

ಲೆಕ್ಕ ಸುಲಭ. ವೋಲ್ಟು ಎರಡು ಪಟ್ಟಾದರೆ, ಸೆಲ್ಫ್ ಇನ್ನೂ ತಿರುಗದೆ ನಿಂತಿರುವ ಆ ಗಳಿಗೆಯಲ್ಲಿ ಅದು ಎಳೆಯುವ ಕರೆಂಟೂ ಹೆಚ್ಚುಕಡಿಮೆ ಎರಡು ಪಟ್ಟು. ಕಾಯಿಲಿನಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟು. ನಿಂತಿರುವ ಫೀಲ್ಡು, ನಡುವೆ ತಿರುಗುವ ಆರ್ಮೇಚರು, ಎರಡರಲ್ಲೂ ಒಂದೇ ಕರೆಂಟ್ ಹರಿಯುವ ಮೋಟಾರು ಇದು. ಹಾಗಾಗಿ ತಿರುಗಿಸುವ ಬಲವೂ ಎರಡು ಪಟ್ಟಿಗೆ ನಿಲ್ಲುವುದಿಲ್ಲ, ನಾಲ್ಕರ ಹತ್ತಿರ ಹೋಗಬಹುದು. ಅಷ್ಟೂ ಬಲ ಬೀಳುವುದು ಒಂದೆರಡು ಹಲ್ಲಿನ ಮೇಲೆ.

ಹಾಗಂತ 'ಹಂಗೇ ಬಿಟ್ರೂ ನಡೀತದ' ಅಂದ ಮಿಸ್ತ್ರಿಯ ಮೊದಲ ಮಾತು ಪೂರ್ತಿ ಸುಳ್ಳಲ್ಲ. 6 ವೋಲ್ಟಿನ ಸೆಲ್ಫನ್ನು 12ರಲ್ಲಿ ವರ್ಷಗಟ್ಟಲೆ ಓಡಿಸಿದವರು ಇದ್ದಾರೆ. ಅವರ ಎಂಜಿನ್ ಒಂದೇ ಸೆಕೆಂಡಿನಲ್ಲಿ ಹತ್ತಿಕೊಳ್ಳುತ್ತದೆ, ಸೆಲ್ಫಿಗೆ ಬಿಸಿಯಾಗಲು ಸಮಯವೇ ಸಿಗುವುದಿಲ್ಲ. ನಮ್ಮಲ್ಲಿ ಮೇ ತಿಂಗಳು ಬರುತ್ತದಲ್ಲ, ಆಗ ಶುರು ನೋಡಿ ಕಥೆ.

ಗಾಣಗಾಪುರಕ್ಕೆ ಹೋಗಿದ್ದೆವು. ದತ್ತನ ದರ್ಶನ ಮುಗಿಸಿ ಮಧ್ಯಾಹ್ನ ವಾಪಸು ಹೊರಟೆವು. ಚೌಡಾಪುರದ ಹತ್ತಿರ ಚಹಾಕ್ಕೆ ನಿಲ್ಲಿಸಿದೆ. ಬಿಸಿಲು 42 ಡಿಗ್ರಿ ದಾಟಿತ್ತು. ಹತ್ತು ನಿಮಿಷ ಬಿಟ್ಟು ಬಂದರೆ ಗಾಡಿ ಹತ್ತಲಿಲ್ಲ. ಪಂಪು, ಪೈಪು ಕಾದು ಒಳಗಿನ ಪೆಟ್ರೋಲು ಆವಿಯಾಗಿತ್ತು. ಕಾರ್ಬ್ಯುರೇಟರಿಗೆ ಏನೂ ಹೋಗುತ್ತಿರಲಿಲ್ಲ. "ತಮ್ಮಾ, ಪಂಪಿನ ಮ್ಯಾಲ ತೊಯ್ಸಿದ ಟವೆಲ್ ಹಾಕಿ ಸ್ವಲ್ಪ ಹೊತ್ತು ಸುಮ್ಮ ಕುಂದ್ರು" ಅಂದರು ಕಾಕಾ. ಕೇಳಬೇಕಿತ್ತು. ಹೊಸ ಸೆಲ್ಫಿನ ಸೊಕ್ಕು, ಅಲ್ವಾ? ಕಾಲಿಟ್ಟು ಒತ್ತಿದೆ. ಒತ್ತುತ್ತಲೇ ಇದ್ದೆ. ಅರ್ಧ ನಿಮಿಷ, ಬಿಟ್ಟು ಮತ್ತೆ ಅರ್ಧ ನಿಮಿಷ. ಐದಾರು ಸಲ ಆಗಿರಬೇಕು. ಸುಟ್ಟ ವಾರ್ನಿಷ್ ವಾಸನೆ ಬಂತು. ಕೆಳಗಿನಿಂದ ಹೊಗೆ ಎದ್ದಿತು. ಕೊನೆಗೆ ಕಟಕಟ ಅಂದು ಎಲ್ಲಾ ಗಪ್ಪಾಯಿತು. ಹ್ಯಾಂಡಲ್ ಹಾಕಿದರೆ ಅದೂ ತಿರುಗಲಿಲ್ಲ. ಬೆಂಡಿಕ್ಸ್ ಹಲ್ಲಿನಲ್ಲಿ ಕಚ್ಚಿಕೊಂಡಿತ್ತು. ಟಾಪ್ ಗೇರಿಗೆ ಹಾಕಿ ನಾಲ್ಕು ಮಂದಿ ಹಿಂದೆ ಮುಂದೆ ಅಲ್ಲಾಡಿಸಿದ ಮೇಲೆ ಬಿಟ್ಟಿತು. ಅಷ್ಟರಲ್ಲಿ ಪಂಪು ತಾನಾಗಿಯೇ ತಣ್ಣಗಾಗಿತ್ತು. ದೂಡಿದ ತಕ್ಷಣ ಎಂಜಿನ್ ಹತ್ತಿಕೊಂಡಿತು! ಕಾಕಾ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಈ ಸಲ ಬೇರೆ ಮಿಸ್ತ್ರಿಯ ಹತ್ತಿರ ಹೋದೆ. ನನ್ನ ಕಣ್ಣೆದುರೇ ಬಿಚ್ಚಿಸಿದೆ. ಕಮ್ಯುಟೇಟರಿನ (ಆರ್ಮೇಚರಿನ ತುದಿಯಲ್ಲಿ ಕಾರ್ಬನ್ ಉಜ್ಜುವ ತಾಮ್ರದ ಭಾಗ) ಬೆಸುಗೆ ಕರಗಿ, ತಿರುಗುವ ರಭಸಕ್ಕೆ ಸಿಡಿದು, ಒಳಗೋಡೆಗೆ ಸಾಸಿವೆ ಕಾಳಿನ ಹಾಗೆ ಅಂಟಿತ್ತು. ಫೀಲ್ಡ್ ಕಾಯಿಲ್ ಮೇಲಿನ ಪಟ್ಟಿ ಮುತ್ಯಾನ ಕಾಲದ್ದೇ, ಹತ್ತಿಯದು, ಕಂದು ಬಣ್ಣಕ್ಕೆ ತಿರುಗಿತ್ತು. ಜಾಯಿಂಟುಗಳನ್ನು ಯಾರೂ ಮುಟ್ಟಿರಲಿಲ್ಲ. ನಾಲ್ಕು ಕಾಯಿಲ್ ಹೊಸದಾಗಿ ಸುತ್ತಿದ್ದರೆ ಹೊಸ ಪಟ್ಟಿ, ಹೊಸ ವಾರ್ನಿಷ್ ಇರಲೇಬೇಕಲ್ಲ? ಪ್ರತಿ ಕಾಯಿಲಿನಲ್ಲೂ ಮೊದಲಿಗಿಂತ ತೆಳು ತಾಮ್ರ, ಹೆಚ್ಚು ಸುತ್ತು ಕಾಣಬೇಕು. ಅದೊಂದೂ ಇರಲಿಲ್ಲ. ಯಾವ ಹೊಸ ಮೆಕ್ಯಾನಿಕ್ಕಾದರೂ ಒಂದು ನೋಟಕ್ಕೆ ಹಿಡಿಯುತ್ತಿದ್ದ.

ರಿಂಗ್ ಗೇರಿನ, ಅಂದರೆ ಫ್ಲೈವೀಲಿನ ಸುತ್ತ ಇರುವ ಹಲ್ಲಿನ ಬಳೆಯ, ಹಲ್ಲು ಮುರಿದಿದ್ದು ಎರಡೇ ಜಾಗದಲ್ಲಿ, ಎದುರುಬದುರಾಗಿ. ನಾಲ್ಕು ಸಿಲಿಂಡರಿನ ಎಂಜಿನ್ ಆಫ್ ಆಗುವಾಗ ಸಾಮಾನ್ಯವಾಗಿ ಈ ಎರಡು ಜಾಗದಲ್ಲೇ ನಿಲ್ಲುತ್ತದೆ, ಹೊಡೆತವೂ ಅಲ್ಲೇ ಬೀಳುತ್ತದೆ. ಅದನ್ನು ಸರಿಮಾಡಲು ಗೇರ್‌ಬಾಕ್ಸ್ ಪೂರ್ತಿ ಇಳಿಸಬೇಕಾಯಿತು. ಅದೇ ಹಲ್ಲಿನ ಲೆಕ್ಕದ ಹೊಸ ರಿಂಗ್ ಸಿಗಲಿಲ್ಲ. ಹಳೆಯದನ್ನೇ ಕಾಯಿಸಿ ತೆಗೆದು, ಕಾಲು ಸುತ್ತು ತಿರುಗಿಸಿ ಮತ್ತೆ ಕೂರಿಸಿದರು. ಈಗ ಎಂಜಿನ್ ನಿಲ್ಲುವ ಕಡೆ ಗಟ್ಟಿ ಹಲ್ಲಿವೆ. ಸೆಲ್ಫಿನ ಕಾಯಿಲ್ ನಿಜವಾಗಿ ಸುತ್ತಿಸಿದೆ. ಆರ್ಮೇಚರಿಗೂ ಕೆಲಸ ಬಿತ್ತು. ಎಲ್ಲಾ ಸೇರಿ 19,000. 'ಖಟ್' ಸದ್ದು ಹೋಯಿತು.

ಬೇರೆ 12 ವೋಲ್ಟಿನ ಸೆಲ್ಫನ್ನೇ ತಂದು ಕೂರಿಸಿದರಾಯಿತು ಅನ್ನುವವರು ಹಲ್ಲು ಎಣಿಸದೆ ದುಡ್ಡು ಬಿಚ್ಚಬೇಡಿ. ಫೋಕ್ಸ್‌ವ್ಯಾಗನ್ ಬೀಟಲ್ ನೋಡಿ: 6 ವೋಲ್ಟಿನ ಫ್ಲೈವೀಲಿಗೆ 109 ಹಲ್ಲು, 12ರದಕ್ಕೆ 130. ಒಂದರ ಸೆಲ್ಫ್ ಇನ್ನೊಂದಕ್ಕೆ ಕೂರುವುದಿಲ್ಲ. ಸೊಲೆನಾಯ್ಡ್ ಇರುವ ಗಾಡಿಯಾದರೆ ಅದರ ಕಾಯಿಲ್ ಕೂಡ 12ರದ್ದೇ ಬೇಕು. ಇಲ್ಲದಿದ್ದರೆ ಅದೂ ಸುಡಬಹುದು.

ಮೊದಲಿನ ಅಂಗಡಿಯವ ಫೋನ್ ಎತ್ತಲಿಲ್ಲ. ಖುದ್ದಾಗಿ ಹೋದೆ. "ನೀವು ಜಾಸ್ತಿ ಒತ್ತೀರಿ, ನಂದೇನು ತಪ್ಪದ?" ಅಂದ. ಒತ್ತಿದ್ದು ನಿಜವೇ, ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸುತ್ತದ ಕಾಯಿಲಿಗೆ ದುಡ್ಡು ಯಾಕೆ ತಗೊಂಡೆ ಅಂದಾಗ ಅವನು ಒಳಗೆ ಎದ್ದು ಹೋದ. ಹೊರಗೆ ಫರಸಿ ಕಲ್ಲಿನ ಮೇಲೆ ಇನ್ನೊಂದು ಹಳೆ ಸೆಲ್ಫ್ ಬಿಸಿಲಿಗೆ ಇಟ್ಟಿದ್ದ. ಕಪ್ಪು ಬಣ್ಣ ಇನ್ನೂ ಹಸಿ ಇತ್ತು. ಯಾರ ಗಾಡಿಯದೋ ಗೊತ್ತಿಲ್ಲ. ನಿಮ್ಮದೇ ಆಗಿದ್ದರೆ, ದುಡ್ಡು ಕೊಡುವ ಮುಂಚೆ ಬಿಚ್ಚಿಸಿ ನೋಡಿ.